ಕಾಗೆಕಾಲಿನ ಗೀರು

2 ನವೆಂಬರ್ 2009, ಸೋಮವಾರ

ಬೆಳಿಗ್ಗೆ ಎಂದಿನಂತೆ ಮಂಡಿಯಲ್ಲಿ ಕೊಬ್ಬರಿ ಆರಿಸಿದೆ. ಆಮೇಲೆ ಸಾಹುಕಾರರ ಕಪ್ಪು ಗಾಡಿ ತೊಳೆದೆ. ಇವತ್ತು ಬರೆದೇಬಿಡುತ್ತೇನೆ — ಅದರ ಎಡಬಾಗಿಲ ಮೇಲಿರುವ ಗೀರು ನನ್ನದು.

ಎಂಟು ತಿಂಗಳಾಯಿತು. ಡ್ರೈವರ್ ಅಂದರೆ ನಮ್ಮಪ್ಪ, ಕೆಂಚಯ್ಯ. ಅವನು ಟೀ ಕುಡಿಯಲು ಹೋಗಿದ್ದ. ಕೀ ಗಾಡಿಯಲ್ಲೇ ಇತ್ತು. ಜೀಪಿನಷ್ಟು ಎತ್ತರ, ಕಾರಿನಷ್ಟು ಮೆತ್ತಗೆ, ಲೆದರ್ ಸೀಟು... ರಿವರ್ಸ್ ತೆಗೆದೆ. ಮಂಡಿ ಗೇಟಿನ ಮುರಿದ ಮೂರು ಸರಳು ಉಜ್ಜಿದವು. ಆಗ ಲೈಸೆನ್ಸ್ ಇರಲಿಲ್ಲ. ಜೂನ್‌ನಲ್ಲಿ ಮಾಡಿಸಿದೆ.

ಸಾಹುಕಾರ್ ಷಡಕ್ಷರಪ್ಪನವರು ಎಲ್ಲರನ್ನೂ ಕೇಳಿದರು. ನನ್ನನ್ನು ಕೇಳಲಿಲ್ಲ. ಹುಡುಗಿ ಗಾಡಿ ಮುಟ್ಟಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಇಲ್ಲ, ಇದೂ ಪೂರ್ತಿ ನಿಜವಲ್ಲ. ಅಪ್ಪನ ಕೆಲಸದ ಹೆದರಿಕೆ ಇತ್ತು.

5 ನವೆಂಬರ್, ಗುರುವಾರ

ಜೋಯಿಸರು ಬಂದಿದ್ದರು. ಈ ವರ್ಷ ಸಾಹುಕಾರರು ಜಾರಿ ಬಿದ್ದು ಕೈ ಮುರಿದದ್ದು ಯಾಕೆ, ಮಗಳ ಸಂಬಂಧ ತಪ್ಪಿದ್ದು ಯಾಕೆ ಅಂತ ನೋಡಲು. ಮನೆ ನೋಡಿದರು, ಮಂಡಿ ನೋಡಿದರು. ಗಾಡಿಯ ಹತ್ತಿರ ನಿಂತುಬಿಟ್ಟರು. ಗೀರಿನ ಮೇಲೆ ಬೆರಳಿಟ್ಟು, “ಒಂದು, ಎರಡು, ಮೂರು. ಕಾಗೆಕಾಲು ಕಣ್ರೀ ಇದು! ಶನಿಯ ವಾಹನ ನಿಮ್ಮ ವಾಹನಾನ ಮೆಟ್ಟೈತೆ!”

ಸಾಹುಕಾರರ ಮುಖ ಸುಣ್ಣವಾಯಿತು. ನನಗೆ ಒಂದೇ ಯೋಚನೆ. ಸರಳು ನಾಲ್ಕಿದ್ದಿದ್ದರೆ ಯಾವ ಗ್ರಹ?

ಕಪ್ಪು ಬಣ್ಣ, ಕಬ್ಬಿಣದ ಮೈ, ಹೊಟ್ಟೆಯೊಳಗೆ ಎಣ್ಣೆ. ಶನಿದಾನಕ್ಕೆ ಗಾಡಿಯೇ ಆಗಬೇಕಂತೆ. 14ನೇ ತಾರೀಕು ಶನಿವಾರ, ಎಳ್ಳುನೀರು ಬಿಟ್ಟು ಯಾವುದಾದರೂ ಟ್ರಸ್ಟಿಗೆ. ಅಷ್ಟು ದೊಡ್ಡ ಗಾಡಿ, ನನ್ನ ಒಂದು ರಿವರ್ಸಿಗೆ!

8 ನವೆಂಬರ್, ಭಾನುವಾರ

ಮೂರು ಟ್ರಸ್ಟಿನವರು ಬೇಡ ಅಂದರು. ದಾನ ತೆಗೆದುಕೊಂಡವರಿಗೆ ಶನಿ ಅಂಟುತ್ತದೆ ಅಂತ. ಇವತ್ತು ನಾಲ್ಕನೆಯವರು ಬಂದರು, ಯಶೋಧರಾ ಮೇಡಂ. ರಿಟೈರ್ಡ್ ನರ್ಸ್, ಬೌದ್ಧರು. ಹಳೇಬೀಡಿನಲ್ಲಿ ನಡೆಯಲಾಗದ ಒಂಬತ್ತು ಮಕ್ಕಳನ್ನು ಇಟ್ಟುಕೊಂಡಿದ್ದಾರೆ. ವಾರವಾರ ಕಾಲಿನ ಎಕ್ಸರ್‌ಸೈಜಿಗೆ ಹಗರೆ ಮಾರ್ಗವಾಗಿ ಹಾಸನದ ಆಸ್ಪತ್ರೆಗೆ, ಬಸ್ಸಿನಲ್ಲಿ, ಎತ್ತಿಕೊಂಡು.

ಜೊತೆಗೆ ಅವರ ಟೆಂಪೊ ಓಡಿಸುತ್ತಿದ್ದ ಕರಿಯಯ್ಯ. ಟೆಂಪೊ ಕೆಟ್ಟು ಮೂಲೆ ಸೇರಿದೆ. ಗಾಡಿ ಹತ್ತಿ ಎಡಗಾಲಲ್ಲಿ ಹುಡುಕಿದ.

“ಕ್ಲಚ್ ಎಲ್ಲವ್ವಾ? ಯಾರಾದ್ರೂ ಬಿಚ್ಕೊಂಡ್ ಹೋದ್ರಾ?”

“ಇದ್ರಲ್ಲಿ ಇರಲ್ಲ ಕಣಣ್ಣ. ಆಟೊಮ್ಯಾಟಿಕ್ಕು.”

ಗಾಡಿ ಹೊರಟಿತು. ಅಭ್ಯಾಸಬಲ. ಕ್ಲಚ್ ಅಂತ ಎಡಗಾಲಲ್ಲಿ ಬ್ರೇಕ್ ತುಳಿದ. ಮೇಡಂ ಡ್ಯಾಶ್‌ಬೋರ್ಡಿಗೆ ಮುಗ್ಗರಿಸಿದರು. “ಕರಿಯಯ್ಯ, ಒಂಬತ್ತು ಜನ ಸಾಕು ಕಣೋ, ನನ್ನನ್ನೂ ಸೇರಿಸಬೇಡ!”

ನಾನು ಓಡಿಸಿ ತೋರಿಸಿದೆ. ಮೇಡಂ ಕೇಳಿದರು, “ಯಾಕೆ ಕೊಡ್ತಿದ್ದಾರಮ್ಮ ಇದನ್ನ?”

“ಶನಿದಾನ. ನಿಮಗೆ ಹೆದರಿಕೆ ಇಲ್ವಾ?”

“ಶನಿವಾರ ಹಾಸನಕ್ಕೆ ಬಸ್ಸು ರಶ್ಶು. ನನಗೆ ಗೊತ್ತಿರೋ ಶನಿಕಾಟ ಅದೊಂದೇ.”

ನನಗೆ ತಡೆಯಲಾಗಲಿಲ್ಲ. ಗೀರಿನ ಕತೆ ಹೇಳಿಬಿಟ್ಟೆ. ಮೇಡಂ ಇಳಿದು ಗೀರು ನೋಡಿದರು.

“ಸಾಹುಕಾರರಿಗೆ ಹೇಳಿದ್ರೆ ಗಾಡಿ ನಮಗೆ ಬರಲ್ಲ. ಹಾಗಂತ ಹೇಳಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ ಕಣೇ.”

ಬೈದಿದ್ದರೆ ಸುಲಭವಾಗುತ್ತಿತ್ತು.

11 ನವೆಂಬರ್, ಬುಧವಾರ, ಮಧ್ಯಾಹ್ನ

ಹೇಳಿದೆ.

ಸಾಹುಕಾರರು ಊಟ ಮುಗಿಸಿ ಎಲೆ ಹಾಕಿಕೊಳ್ಳುತ್ತಿದ್ದರು. ಅಪ್ಪ ಬಾಗಿಲಲ್ಲಿದ್ದ. ಅವನಿಗೂ ಗೊತ್ತಿರಲಿಲ್ಲ. ಸಾಹುಕಾರರು ಎದ್ದು ಗೇಟಿನ ಹತ್ತಿರ ಹೋದರು. ಸರಳಿನ ತುದಿಯಲ್ಲಿ ಕಪ್ಪು ಪೇಂಟ್ ಇನ್ನೂ ಅಂಟಿತ್ತು. ಉಗುರಲ್ಲಿ ಕೆರೆದು ನೋಡಿದರು.

“ಹಂಗಾದ್ರೆ ಶನಿ ಇಲ್ಲ?”

“ಇಲ್ಲ ಸಾಹುಕಾರ್ರೇ. ನಾನೇ.”

“ಶನಿನೇ ವಾಸಿ ಕಣಮ್ಮಿ, ಏಳೂವರೆ ವರ್ಷಕ್ಕಾದ್ರೂ ಬಿಡ್ತಾನೆ. ದಾನ ಇಲ್ಲ, ಏನಿಲ್ಲ. ಹೋಗು.”

ಮೇಡಂಗೆ ಫೋನ್ ಮಾಡಿದೆ. “ಆಯ್ತಮ್ಮ” ಅಂದರು. ಹಿಂದೆ ಮಕ್ಕಳ ಗಲಾಟೆ. ಗಾಡಿ ಬರುತ್ತದೆ ಅಂತ ಅವರಿಗೆ ಆಗಲೇ ಹೇಳಿಯಾಗಿತ್ತಂತೆ.

ಅಪ್ಪ ಮಾತು ಬಿಟ್ಟಿದ್ದಾನೆ.

13 ನವೆಂಬರ್, ಶುಕ್ರವಾರ, ಸಂಜೆ 5

ಸಾಹುಕಾರರು ನಿನ್ನೆ ತಿಪಟೂರಿನ ಮದುವೆಗೆ ಹೊರಟರು. ಹೆಂಡತಿ ಗಾಡಿ ಹತ್ತಲಿಲ್ಲ. “ಎಳ್ಳುನೀರು ಬಿಡ್ತೀನಿ ಅಂತ ಬಾಯಲ್ಲಿ ಬಂದ್ಮೇಲೆ ಅದು ನಮ್ಮದಲ್ಲ ಕಣ್ರೀ. ನಾನು ಬಸ್ಸಿಗೆ ಬತ್ತೀನಿ.” ಜೊತೆಗೆ ಹೊರಟಿದ್ದ ಮಂಡಿಯವರೂ ಬಸ್ಸಿಗೇ ಹೋದರು. ಹುಡುಗಿ ಗೀರಿದ್ದು ಅಂತ ಸಾಹುಕಾರರು ಎಲ್ಲರಿಗೂ ಗೇಟು ತೋರಿಸಿದರಂತೆ. ಎಲ್ಲರೂ ನೋಡಿ ತಲೆ ಆಡಿಸಿದರಂತೆ. ಹತ್ತಲಿಲ್ಲ. ಅಷ್ಟು ದೊಡ್ಡ ಗಾಡಿಯಲ್ಲಿ ಮುಂದೆ ಅಪ್ಪ, ಹಿಂದೆ ಅವರೊಬ್ಬರೇ ಕೂತು ಹೋಗಿ ಬಂದರು.

ಇವತ್ತು ಕರೆಸಿದರು.

“ಎಷ್ಟು ಮಕ್ಕಳು ಅಲ್ಲಿ?”

“ಒಂಬತ್ತು.”

“ಹಿಡಿಸ್ತವಾ?”

“ಎರಡು ಟ್ರಿಪ್ ಆಗುತ್ತೆ.”

ಕಿಟಕಿಯಿಂದ ಗಾಡಿ ನೋಡುತ್ತ ಕೂತರು. ಆಮೇಲೆ ಆರ್‌ಸಿ ಪುಸ್ತಕ, ಹೆಸರು ವರ್ಗಾಯಿಸುವ ಫಾರಂ ಮುಂದೆ ತಳ್ಳಿದರು. ಸಹಿ ಹಾಕಿತ್ತು.

“ಜೋಯಿಸರೂ ಬೇಡ, ಎಳ್ಳೂ ಬೇಡ. ತಗೊಂಡ್ ಹೋಗು. ನಿಮ್ಮಪ್ಪ ಮಂಡಿ ವ್ಯಾನ್ ಓಡಿಸ್ಕೊಂಡ್ ಇರ್ಲಿ. ನೀನು ಮಾತ್ರ ಈ ಗೇಟೊಳಗೆ ಕಾಲಿಡಬೇಡ.”

ಭಯಕ್ಕೆ ಕೊಟ್ಟರಾ, ಬೇಜಾರಿಗೆ ಕೊಟ್ಟರಾ, ಮಕ್ಕಳಿಗೇ ಕೊಟ್ಟರಾ? ಕೇಳಬೇಕು ಅನ್ನಿಸಿತು. ಬಾಯಿ ತೆರೆದೆ. “ಹೋಗೇ!” ಅಂದರು.

ಮೇಡಂಗೆ ಫೋನ್ ಮಾಡಿದರೆ ಮೊದಲು ನಂಬಲಿಲ್ಲ. ಆಮೇಲೆ, “ಕರಿಯಯ್ಯನ ಕೈಗೆ ಕೊಡಬೇಡ ತಾಯಿ. ನೀನೇ ಡ್ರೈವರ್ ಆಗಿ ಇರ್ತೀಯಾ?” ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವಳು ಅಂದೆ. “ಸ್ಟೀರಿಂಗ್ ಓದು ಕೇಳಲ್ಲ” ಅಂದರು. ಮಂಡಿಯಲ್ಲಂತೂ ಜಾಗ ಇಲ್ಲ. ಒಪ್ಪಿದೆ.

ಅಪ್ಪ ಹೊರಗೆ ಟೈರಿನ ಗಾಳಿ ನೋಡುತ್ತಿದ್ದಾನೆ. ಈಗ ತಾನೇ, ಎರಡು ದಿನದ ಮೇಲೆ, ಮೊದಲ ಮಾತು. “ಜಾವಗಲ್ ದಾಟಿದ್ಮೇಲೆ ತಿರುವು ಜಾಸ್ತಿ. ಹಾರ್ನ್ ಹೊಡ್ಕೊಂಡು ಹೋಗು.”

ನಾಳೆ ಶನಿವಾರ. ಬೆಳಿಗ್ಗೆ ಏಳಕ್ಕೆ ಹಳೇಬೀಡಿಗೆ ಹೊರಡುತ್ತೇನೆ.