ಹೊಗೆ ಕಂಡೆ ಎಂದವಳು

ಕಪ್ಪತಗುಡ್ಡದ ಮೇಲಿನ ಊರು,
ಶಕ ೨೨೪೮, ಹದಿನಾಲ್ಕನೆಯ ತಿಂಗಳ ಮೂವತ್ತೊಂಬತ್ತನೆಯ ದಿನ.

ನಮ್ಮ ಮುತ್ತಜ್ಜಂದಿರ ಹಿರಿಯರಿಗೆ ನೀಲಗಂಗವ್ವನ ಶರಣು. ಬಿಸಿಲಿನ ತಿಂಗಳು ಎರಡು ಹೆಚ್ಚಾಗಿ, ಅವುಗಳ ದಿನಗಳೂ ಬೆಳೆದ ಮೇಲೆ ನಮ್ಮ ಪಂಚಾಂಗ ಹೀಗಾಗಿದೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಹಳೆಯ ಕಾಗದಗಳನ್ನು ಓದುವಾಗ ನನಗೂ ಹಾಗೇ ಆಗುತ್ತದೆ.

ನಾನು ಈ ಊರಿನ ಸುದ್ದಿಗಿತ್ತಿ. ಎಂದರೆ, ಬೆಳಗ್ಗೆ ನೀರು ಹಂಚುವ ಮೊದಲು ಎಲ್ಲರ ಮುಂದೆ ನಿಂತು ಲೋಕದ ಸುದ್ದಿ ಹೇಳುವವಳು. ನಮ್ಮಲ್ಲೊಂದು ರೇಡಿಯೊ ಉಳಿದಿದೆ. ಅದರಲ್ಲಿ ಬೇರೆ ಊರುಗಳನ್ನು ಹೆಸರು ಹಿಡಿದು ಕೂಗುತ್ತೇನೆ. ಯಾವುದು ಓಗೊಟ್ಟಿತು, ಯಾವುದು ಸುಮ್ಮನಾಯಿತು ಎಂದು ಜನರಿಗೆ ಒಪ್ಪಿಸುತ್ತೇನೆ. ಕೆಟ್ಟ ಸುದ್ದಿಯ ಕೊನೆಗೆ ಹಿಡಿಸುದ್ದಿ ಹೇಳಲೇಬೇಕು. ಅದು ಸುದ್ದಿಗಿತ್ತಿ ಕಣ್ಣಾರೆ ಕಂಡ ಒಂದು ಒಳ್ಳೆಯ ಸಂಗತಿ. ಅಂಗೈ ತುಂಬುವಷ್ಟಿದ್ದರೂ ಸಾಕು, ಆದರೆ ನಿಜವಾಗಿರಬೇಕು. ಮೈಬೂಬಿಯ ಆಡು ಎದ್ದು ನಿಂತಿತು, ಮುದುಕ ಕೊಟ್ರಪ್ಪ ಮೂರು ದಿನದ ಮೇಲೆ ಗಂಜಿ ಕುಡಿದ, ಇಂಥವೇ. ನಗಬೇಡಿ. ಇದನ್ನು ಕೇಳಿಯೇ ಜನ ಕೊಡ ಎತ್ತಿಕೊಂಡು ಮನೆಗೆ ಹೋಗಿ ಒಲೆ ಹೊತ್ತಿಸುತ್ತಿದ್ದರು.

ಹದಿನೆಂಟು ದಿನದ ಹಿಂದೆ ಕೊನೆಯ ಊರೂ ಓಗೊಡಲಿಲ್ಲ. ಅಂದು ಎಷ್ಟು ಹುಡುಕಿದರೂ ನನಗೊಂದು ಹಿಡಿಸುದ್ದಿ ಸಿಗಲಿಲ್ಲ. ಜನ ಕೊಡ ಮುಟ್ಟದೆ ನಿಂತಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: ಬಯಲಿನಾಚೆ, ಪಡುವಣ ಗುಡ್ಡದ ಮೇಲೆ, ಅಡುಗೆಯ ಹೊಗೆ ಕಂಡೆ ಎಂದು. ಹನ್ನೊಂದು ವರ್ಷದಲ್ಲಿ ಅದೇ ನನ್ನ ಮೊದಲ ಸುಳ್ಳು. ಅವರ ಮುಖ ಅರಳಿದ್ದು ನೋಡಿ ನನಗೂ ಹಿತವೆನಿಸಿತು, ನಾಚಿಕೆಗೇಡು.

ಮರುದಿನ ನನ್ನ ತಮ್ಮ ಗವಿಯಪ್ಪ ಬುತ್ತಿ ಕಟ್ಟಿಕೊಂಡು ಹೊರಟ. ಆ ಬಯಲಿಗೆ ಇಳಿದವರು ತಿರುಗಿ ಬಂದದ್ದಿಲ್ಲ. ಬಿಸಿಲಿಗೆ ಅಲ್ಲಿ ಕಲ್ಲೂ ಸಿಡಿಯುತ್ತದೆ. ಬೇಡವೆಂದೆ. “ಅಕ್ಕಾ, ನೀ ಕಣ್ಣಾರೆ ಕಂಡೀಯಲ್ಲ. ಅಲ್ಲಿ ಮಂದಿ ಅದಾರಂದ್ರ ಯಾರರ ಹೋಗಾಕ ಬೇಕು” ಎಂದ. ಸುತ್ತ ಇಡೀ ಊರು ನಿಂತಿತ್ತು. ಸುಳ್ಳು ಹೇಳಿದೆ ಎನ್ನಲು ನನಗೆ ನಾಲಗೆ ಏಳಲಿಲ್ಲ.

ಅವನ ಬಳಿ ಇದ್ದದ್ದು ನಾಲ್ಕು ದಿನದ ನೀರು. ಅವನ ಹೆಂಡತಿ ಶಂಕ್ರವ್ವ ದಿನಾ ಮುಂದಿನ ಸಾಲಿನಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಾಳೆ. ನಿನ್ನೆ ಮೆಲ್ಲಗೆ ಕೇಳಿದಳು: “ಯಕ್ಕಾ, ಇವತ್ತೂ ಹೊಗಿ ಕಾಣಿಸ್ತೇನು?” ಹೂಂ ಎಂದೆ. ಸುಳ್ಳು ಎರಡಾದವು.

ನಾಳೆ ಅವಳೆದುರೇ ನಿಜ ಹೇಳಿಬಿಡುತ್ತೇನೆ. ಧೈರ್ಯ ಬಂದಿದೆಯೆಂದಲ್ಲ, ಮೂರನೆಯ ಸುಳ್ಳಿಗೆ ಶಕ್ತಿಯಿಲ್ಲ. ಆಮೇಲೆ ನನ್ನ ಮಾತನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಆದರೆ ಒಂದು ಹಿಡಿಸುದ್ದಿಯೂ ಇಲ್ಲದೆ ಅವಳು ಕೊಡ ಎತ್ತಲಾರಳು. ಅದಕ್ಕೇ ನಿಮ್ಮ ಮುಂದೆ ಸೆರಗೊಡ್ಡಿದ್ದೇನೆ. ನಿಮ್ಮ ಕಾಲದ ಪತ್ರಿಕೆಗಳ ಚೂರುಪಾರು ಓದಿದ್ದೇನೆ. ನಿಮಗೂ ಬೆಳಗಿನ ಸುದ್ದಿಗೆ ಚಹಾ ಕಹಿಯಾಗುತ್ತಿತ್ತೆಂದು ಬಲ್ಲೆ. ಆದರೂ ಇಂದು ಹೊರಗೆ ಹೋಗಿ ಒಂದು ಒಳ್ಳೆಯದನ್ನು ಕಣ್ಣಾರೆ ನೋಡಿ. ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟದ್ದಾದರೂ ಸರಿ. ಬಣ್ಣ ಹಚ್ಚದೆ ಬರೆದು, ಈ ಗುಡ್ಡದ ತುದಿಯ ಬಂಡೆಯ ಸಂದಿನಲ್ಲಿ ಇಡಿ. ಇಟ್ಟಿದ್ದರೆ ಅದು ಈಗಾಗಲೇ ಅಲ್ಲಿರಬೇಕು, ಹೋಗಿ ಹುಡುಕುತ್ತೇನೆ. ಸಿಕ್ಕರೆ ಶಂಕ್ರವ್ವನಿಗೆ ಓದಿ ಹೇಳುತ್ತೇನೆ. ಇದನ್ನು ಕಂಡವಳು ನಾನಲ್ಲ ಎಂದು ಮೊದಲೇ ಹೇಳಿಯೇ ಓದುತ್ತೇನೆ.