ಬಿರುಕಿಲ್ಲದ ಗೋಡೆ

ವಸತಿ ಮಂಡಳಿಯ ಹೊಸ ಅಧ್ಯಕ್ಷರಿಗೆ,

ನೀವು ಬಂದ ಮೇಲೆ ಮಂಡಳಿ ನೆಟ್ಟಗಾಯಿತು. ಸರಿಮಾಡಿಸಿ ಎಂದು ನಾನು ವರ್ಷಗಟ್ಟಲೆ ಜಗಳವಾಡಿದ, ನನ್ನ ಮನೆಯ ಬಿರುಕು ಗೋಡೆಯನ್ನು ಕೆಡವಿ ಗಟ್ಟಿಯಾಗಿ ಕಟ್ಟಿಸಿದಿರಿ. ಅದರಾಚೆಯ ಮನೆಯಲ್ಲಿ ನನ್ನ ನಾದಿನಿ ಒಬ್ಬಳೇ ಇದ್ದಾಳೆ. ಮೊದಲು ಅವಳು ಕೆಮ್ಮಿದರೂ ಬಿರುಕಿನಿಂದ ಕೇಳುತ್ತಿತ್ತು. "ಬಿಸಿನೀರು ಕುಡಿಯೇ, ಮೊಂಡಿ" ಎಂದು ಇಲ್ಲಿಂದಲೇ ಗದರುತ್ತಿದ್ದೆ.

ನಿನ್ನೆ ಅವಳು ಬಚ್ಚಲಲ್ಲಿ ಬಿದ್ದು ಬೆಳಗಿನಿಂದ ಕೂಗಿದ್ದಾಳೆ. ಸಂಜೆ ಊಟ ಕೊಡಲು ಹೋದಾಗಲೇ ನನಗೆ ಗೊತ್ತಾದದ್ದು. ಎತ್ತಿ ಕೂರಿಸಿದರೆ, "ಅಷ್ಟು ಕೂಗಿದ್ರೂ ಬರ್ಲಿಲ್ಲ, ನನ್ಮೇಲೆ ಅಷ್ಟೊಂದು ಕೋಪಾನಾ ಅತ್ತಿಗೆ?" ಎಂದಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದು ಇದನ್ನು ಬರೆಯುತ್ತಿದ್ದೇನೆ.

ಯಾರ ಮುಂದೆಯೂ ಕೈಚಾಚಿದವಳಲ್ಲ ನಾನು. ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿಕೊಡಿ. ಶನಿವಾರ ಅವಳು ಆಸ್ಪತ್ರೆಯಿಂದ ಬರುತ್ತಾಳೆ. ಅಲ್ಲಿಯವರೆಗೆ ಕಾಯುತ್ತೇನೆ. ಆಮೇಲೆ, ಉಳಿ ಸುತ್ತಿಗೆ ನನ್ನ ಹತ್ತಿರವೂ ಇವೆ.

ಹೀಗೆಂದು ಬರೆದವಳು,
ಮೂರನೇ ಮಹಡಿಯ ದೊಡ್ಡಮ್ಮ