ಕೋಟೆಯ ಮೇಲೆ ನಿಂತ ಅಪ್ಪ

ಕೋಟೆಯ ಹಿಂದಿನ ಓಣಿ
ಮಾರ್ಚ್ ೯, ಸೋಮವಾರ (ಪಾರ್ಕಿಗೆ ರಜೆ)

ಪ್ರೀತಿಯ ಅಪ್ಪಾ,

ಬೆನ್ನುನೋವು ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತೀಯೋ, ಅದನ್ನೂ ಗಾರೆಗೆ ಕಲಸಿಬಿಟ್ಟೆಯೋ? ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ಮಾತೆತ್ತಿದರೆ ಅಮ್ಮ, "ಸ್ವಂತ ಗೋಡೆಗೆ ಒಂದು ಮೊಳೆ ಹೊಡಿ ಅಂದ್ರೆ ಕೈನೋವು, ಕಂಡೋರ ಕೋಟೆ ಅಂದ್ರೆ ರೆಕ್ಕೆ ಬರುತ್ತೆ" ಎನ್ನುತ್ತಾಳೆ. ಆಮೇಲೆ ನಿನ್ನ ಹಳೆಯ ಅಂಗಿಯನ್ನು ಒಗೆದದ್ದನ್ನೇ ಮತ್ತೆ ಒಗೆಯುತ್ತಾಳೆ.

ನೀನು ಕಟ್ಟಿದ ಮೋಜಿನ ಪಾರ್ಕಿನ ಕೋಟೆಯ ಅಂಗಳವನ್ನೇ ನಾನೀಗ ಗುಡಿಸುತ್ತೇನೆ. ಗೈಡು ದಿನಾ ಅದರ ಚರಿತ್ರೆ ಹೇಳುತ್ತಾನೆ. ಮಾಲೀಕರು ಕನಸು ಕಂಡರಂತೆ, ಇಂಜಿನಿಯರು ನಕ್ಷೆ ಬರೆದರಂತೆ, ಕೋಟೆ ಎದ್ದಿತಂತೆ. ತಾನೇ ಎದ್ದಿತು, ಅಣಬೆಯ ಹಾಗೆ. ಇಲ್ಲಿದ್ದ ಜೌಗು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದ್ದು ನಮ್ಮ ಓಣಿ ಎಂಬ ಮಾತೇ ಇಲ್ಲ. ಹಿಂದಿನ ರಾಜರು ಶತ್ರುಗಳಿಗೆ ಹೆದರಿ ಕೋಟೆ ಕಟ್ಟಿದರು. ಇವರ ಕೋಟೆಗೆ ಶತ್ರುಗಳೆಂದರೆ ಟಿಕೆಟ್ ಇಲ್ಲದ ನಾವೇ. ಮುಂದೆ ಬಣ್ಣದ ಗೋಪುರ ಟಿಕೆಟ್ ಕೊಂಡವರಿಗೆ. ನಮ್ಮ ಬಾಗಿಲಿಗೆ ಅದರ ಬೆನ್ನು, ಬರೀ ಕಬ್ಬಿಣದ ಕಂಬ, ಕೊಳವೆ.

ಅದರ ಮಸಲತ್ತನ್ನು ನನಗೆ ಬಿಡಿಸಿ ಹೇಳಿದವನು ನೀನು. ಮೇಲೆ ಹೋದಂತೆ ಇಟ್ಟಿಗೆ ಸಣ್ಣದು, ಕಿಟಕಿ ಸಣ್ಣದು. ತುದಿಯ ಬಾಗಿಲಲ್ಲಿ ಬೆಕ್ಕು ನುಸುಳಿದರೆ ಹೆಚ್ಚು. ಕೆಳಗಿನವರ ಕಣ್ಣಿಗೆ ಮಾತ್ರ ಅದು ಮುಗಿಲು ಮುಟ್ಟುತ್ತದೆ. ಉದ್ಘಾಟನೆಯ ಬೆಳಿಗ್ಗೆ ಸಾರುವೆ ಮರಗಳ ಕೊನೆಯ ಹಗ್ಗ ಬಿಚ್ಚಲು ನೀನು ತುದಿಯಲ್ಲಿ ನಿಂತಿದ್ದೆ. ಪಕ್ಕದ ಕಿಟಕಿ ನಿನ್ನ ಮೊಣಕಾಲಿಗೆ ಬರುತ್ತಿತ್ತು. ಒಂದೇ ಏಟಿಗೆ ಕೋಟೆ ಆಟಿಕೆಯಾಯಿತು, ನೀನು ದೈತ್ಯನಾದೆ. "ಇಳಿಸ್ರೋ ಅವನನ್ನ, ಕೋಟೆ ಚಿಕ್ಕದಾಗಿ ಕಾಣ್ತಿದೆ" ಎಂದು ಮಾಲೀಕ ಕೂಗಿದ. ಬೇಲಿಯಾಚೆ ಅಮ್ಮನ ಸೊಂಟದ ಮೇಲಿದ್ದ ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಅಷ್ಟು ದೊಡ್ಡವನಾಗಿ ನಿನ್ನನ್ನು ಮತ್ತೆ ಕಂಡಿಲ್ಲ ಅಪ್ಪಾ. ಕರೆದವರ ಊರಲ್ಲೆಲ್ಲ ಕೋಟೆ ಕಟ್ಟುತ್ತ ಹೋದೆ. ಈಗ ಇನ್ನೊಂದು ಕೋಟೆಯ ಕರಾರಿಗೆ ಸಹಿ ಹಾಕುತ್ತೇನೆಂದು ಬರೆದಿದ್ದೀಯ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ದೂರದ ಅಪ್ಪ ಸಣ್ಣಗಾಗುತ್ತಾನೆ, ಅಷ್ಟೇ. ಕೆಲವು ದಿನ ನಿನ್ನ ಮುಖವೇ ನೆನಪಿಗೆ ಬರುವುದಿಲ್ಲ. ಕಿಟಕಿಯ ಪಕ್ಕದ ಆ ಮೊಣಕಾಲಷ್ಟೇ ಬರುತ್ತದೆ.

ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ಅಮ್ಮ ಏನೂ ಹೇಳಲಿಲ್ಲ; ಏನೂ ಹೇಳಲಿಲ್ಲ ಅಂತ ಬರಿ ಎಂದಳು.

ನಿನ್ನ
ಗುಬ್ಬಿ

ಮರೆತೆ: ನಿನ್ನೆ ಪಾರ್ಕಿನ ಮ್ಯಾನೇಜರ್ ಮನೆಗೇ ಬಂದಿದ್ದ. ಗೋಪುರದ ತುದಿ ಬಿರುಕು ಬಿಟ್ಟಿದೆ, ಆ ಸಣ್ಣ ಇಟ್ಟಿಗೆಯ ಕೆಲಸ ಇಲ್ಲಿ ಯಾರಿಗೂ ಬಾರದು. ನಿನ್ನನ್ನು ಕರೆಸಬೇಕಂತೆ, ಆದರೆ ಜನ ಹೋದ ಮೇಲೆ ಕತ್ತಲಲ್ಲಿ ಹತ್ತಬೇಕಂತೆ. "ನಮ್ಮಪ್ಪ ಹತ್ತೋದಾದ್ರೆ ಹಗಲಲ್ಲೇ, ಜನ ನೋಡ್ತಿರುವಾಗ್ಲೇ. ಇಲ್ಲಾಂದ್ರೆ ಬಿರುಕಿಗೆ ಬಣ್ಣ ಬಳ್ಕೊಳ್ಳಿ" ಅಂದೆ. ತಲೆ ಕೆರೆದುಕೊಂಡು ಒಪ್ಪಿದ. ಸಹಿ ಹಾಕಬೇಡ. ಬಾ. ಅಲ್ಲಿ ನಿಂತು ಇನ್ನೊಮ್ಮೆ ಆ ಕೋಟೆಯನ್ನು ಚಿಕ್ಕದು ಮಾಡು.